ಮೂರನೇ ತಾರೀಕು ಬುಕ್ ಮಾಡಿದ ಹೆಸರು

ಒಂದೇ ಮನೆಯಿಂದ ಒಂದೇ ವಾರದಲ್ಲಿ ಬಂದ ಎರಡನೇ ದೂರು ಅದು. ಹದಿನೇಳನೇ ತಾರೀಕು ಬುಧವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಠಾಣೆಗೆ ಬಂತು. ಮೊದಲನೆಯದು ಸೋಮವಾರ ಬಂದಿತ್ತು: ನಲವತ್ತಾರು ವರ್ಷದ ಅಣ್ಣ ಭಾನುವಾರ ಸಂಜೆಯಿಂದ ಮನೆಯಲ್ಲಿಲ್ಲ, ಬುದ್ಧಿ ಏಳೆಂಟು ವರ್ಷದ ಮಗುವಿನದು, ಫಿಟ್ಸ್ ಇದೆ, ಎರಡು ಹೊತ್ತೂ ಮಾತ್ರೆ ಬೇಕು. ಇಷ್ಟನ್ನು ಅವನ ತಂಗಿ ನಾಲ್ಕು ಸಾಲಿನಲ್ಲಿ ಬರೆದು ಸಹಿ ಹಾಕಿ ಹೋಗಿದ್ದಳು. ಅವಳದೇ ಈ ಎರಡನೆಯ ದೂರು ಎರಡೂವರೆ ಪುಟವಿತ್ತು, ಜೊತೆಗೆ ಒಂದು ವೆಬ್‌ಸೈಟಿನ ಬಣ್ಣದ ಪ್ರಿಂಟ್‌ಔಟ್‌ಗಳು. ರೈಟರ್, ಅಂದರೆ ಠಾಣೆಯ ಬರವಣಿಗೆಯನ್ನೆಲ್ಲ ತಲೆಯ ಮೇಲೆ ಹೊತ್ತಿದ್ದ ಹೆಡ್ ಕಾನ್‌ಸ್ಟೆಬಲ್, ಎರಡನ್ನೂ ಅಕ್ಕಪಕ್ಕ ಇಟ್ಟು, ಅಣ್ಣನಿಗಿಂತ ವೆಬ್‌ಸೈಟೇ ದಪ್ಪಗಿದೆ ಎಂದು ಗೊಣಗಿದ. ಅವನು ಎಲ್ಲದಕ್ಕೂ ಗೊಣಗುವವನಾದ್ದರಿಂದ ಯಾರೂ ಕಿವಿಗೊಡಲಿಲ್ಲ.

ದೂರಿನ ಸಾರಾಂಶ ಇಷ್ಟೆ. ತಂಗಿಯ ಕಸುಬು ಅಂಗಡಿ, ಕ್ಲಿನಿಕ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವುದು. ಅಣ್ಣ ಕಾಣೆಯಾದ ರಾತ್ರಿಯೇ ‘ನಮ್ಮಣ್ಣ ಎಲ್ಲಿ ಡಾಟ್ ಕಾಮ್’ ಎಂದು ಒಂದು ಸೈಟ್ ಮಾಡಿ, ಅವನ ಫೋಟೋ, ತನ್ನ ಫೋನ್ ನಂಬರ್ ಹಾಕಿದ್ದಳು. ಮಂಗಳವಾರದ ಹೊತ್ತಿಗೆ ಅದು ಊರವರ ಮೊಬೈಲ್‌ಗಳಲ್ಲೆಲ್ಲ ಹರಿದಾಡಿತ್ತು. ಈಗ ಯಾರೋ ಅದೇ ಹೆಸರಿಗೆ ‘ಡಾಟ್ ನೆಟ್’ ಎಂಬ ಬೇರೆ ಬಾಲ ಹಚ್ಚಿ, ಅದೇ ಫೋಟೋ ಕದ್ದು, ತಮ್ಮ ನಂಬರ್ ಹಾಕಿಕೊಂಡಿದ್ದರು. ಕರೆ ಮಾಡಿದರೆ ‘ಕಾಣೆಯಾದವರನ್ನು ಹುಡುಕಿಕೊಡುತ್ತೇವೆ’ ಎನ್ನುವ ಒಂದು ಏಜೆನ್ಸಿ ಮಾತಾಡುತ್ತಿತ್ತು. ನನಗೆ ಬರಬೇಕಾದ ಕರೆ ಅವರಿಗೆ ಹೋಗುತ್ತಿದೆ, ಕೂಡಲೇ ಕ್ರಮ ತೆಗೆದುಕೊಳ್ಳಿ ಎಂದು ಬರೆದಿದ್ದಳು.

ಕಂಪ್ಯೂಟರ್ ಎಂದರೆ ಇನ್ಸ್‌ಪೆಕ್ಟರಿಗೆ ಬೀಗರ ಮನೆ ಇದ್ದ ಹಾಗೆ. ಹೋಗದೆ ವಿಧಿಯಿಲ್ಲ, ಹೋದರೆ ಎಲ್ಲಿ ಕೂರಬೇಕೆಂದು ಗೊತ್ತಾಗದು. ಅವರು ಎಫ್‌ಐಆರ್ ದಾಖಲಿಸಲು ಹೇಳಿ ಕಡತವನ್ನು ಮಹಿಳಾ ಕಾನ್‌ಸ್ಟೆಬಲ್‌ಗೆ ದಾಟಿಸಿದರು. ಕೆಲಸಕ್ಕೆ ಸೇರುವ ಮುಂಚೆ ಎರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದ ತಪ್ಪಿಗೆ ಅವಳನ್ನು ಠಾಣೆಯಲ್ಲಿ ಎಲ್ಲರೂ ಟೀಚರ್ ಎನ್ನುತ್ತಿದ್ದರು. ಇಂಥ ಹೆಸರುಗಳನ್ನು ನೋಂದಾಯಿಸಿಕೊಳ್ಳುವ ಕಂಪನಿಗೆ ಟೀಚರ್ ಪತ್ರ ಬರೆದಳು. ಹೆಸರು ಯಾರದು, ಯಾವತ್ತು ನೋಂದಣಿಯಾಯಿತು ಎಂದು ಕೇಳಿದ್ದಳು. ಕದ್ದದ್ದು ಯಾವುದೆಂದು ತೋರಿಸಲು ಅಸಲಿಯದೂ ಬೇಕಲ್ಲ ಎಂದು ಎರಡನ್ನೂ ಸೇರಿಸಿದಳು.

ಗುರುವಾರ ಮಧ್ಯಾಹ್ನ ಉತ್ತರ ಬಂತು. ಡಾಟ್ ನೆಟ್ ಹೆಸರು ನೋಂದಣಿಯಾದದ್ದು ಹದಿನಾರಕ್ಕೆ, ಏಜೆನ್ಸಿಯವನ ಹೆಸರಿನಲ್ಲಿ. ಡಾಟ್ ಕಾಮ್ ಹೆಸರು ತಂಗಿಯದೇ. ನೋಂದಣಿಯಾದದ್ದು ಮೂರಕ್ಕೆ.

ಅಣ್ಣ ಕಾಣೆಯಾದದ್ದು ಹದಿನಾಲ್ಕಕ್ಕೆ. ಹದಿಮೂರರ ಬದಲು ಮೂರು ಎಂದು ಬಿದ್ದಿರಬಹುದೇ ಎಂದುಕೊಂಡರೂ ಲೆಕ್ಕ ಕೂಡಲಿಲ್ಲ. ಟೀಚರ್ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯವನು ಆಕಳಿಸುತ್ತ, ತಾರೀಕು ಹಾಕುವುದು ಯಂತ್ರ, ಅದನ್ನು ತಿದ್ದಲು ತಮ್ಮ ಮಾಲೀಕರಿಂದಲೂ ಆಗುವುದಿಲ್ಲ ಎಂದ. ಅವಳು ಕಾಗದ ಹಿಡಿದು ಇನ್ಸ್‌ಪೆಕ್ಟರ್ ಮುಂದೆ ನಿಂತಳು. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕಳೆದುಹೋಗೋಕೆ ಮುಂಚೆ ಹುಡುಕೋಕೆ ಶುರು ಮಾಡಿದಾಳೆ” ಎಂದರು.

“ಹೌದು ಸಾರ್.”

“ಮಾತ್ರೆ ಇಲ್ಲದೆ ಅವನು ಎಷ್ಟು ದಿನ ಇರಬಹುದು?”

ಜೀಪ್ ಹೊರಟಿತು.

ಮೊದಲು ಸಿಕ್ಕಿದ್ದು ತಂಗಿಯ ಆಫೀಸಿನ ಕೆಳಗಿನ ಸೈಕಲ್ ಅಂಗಡಿಯವನು. ಆಫೀಸಿನಲ್ಲಿದ್ದು ಭಾನುವಾರ ಸಂಜೆ ಮನೆಗೆ ಹೋದೆ, ಅಣ್ಣ ಇರಲಿಲ್ಲ ಎಂದು ಅವಳು ಎರಡನೆಯ ದೂರಿನಲ್ಲಿ ಬರೆದಿದ್ದಳು. ಸೈಕಲ್‌ನವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತ, ಭಾನುವಾರ ಮೇಲಿನ ರೂಮಿಗೆ ಇಡೀ ದಿನ ಬೀಗ ಇತ್ತು ಎಂದ. ಪಾಪದ ಹೆಣ್ಣುಮಗಳು, ಯಾಕೆ ಅವಳ ಹಿಂದೆ ಬಿದ್ದಿದ್ದೀರಿ ಎಂದೂ ಕೇಳಿದ.

ಮನೆ ಎರಡೇ ಕೋಣೆಯದು. ತಂಗಿ ಬಾಗಿಲು ತೆರೆದು, ಏನೂ ಕೇಳದೆ ಪಕ್ಕಕ್ಕೆ ಸರಿದಳು. ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಮಾಡಲಾಯಿತು. ಕಿಟಕಿಯ ಪಕ್ಕ ಅಣ್ಣನ ಮಂಚ, ಹೊದಿಕೆ ಮಡಿಸಿದೆ. ಕೈಗಳು ಸವೆದು ಹೊಳೆಯುವ ಒಂದು ಮರದ ಕುರ್ಚಿ. ಗೂಟದಲ್ಲಿ ಮೂರು ಅಂಗಿ, ಹೊರಗೆ ಹಾಕಿಕೊಳ್ಳುವ ಒಳ್ಳೆಯ ಅಂಗಿ ಇಲ್ಲ. ಮಾತ್ರೆಯ ಡಬ್ಬಿ ಖಾಲಿ. ತಾನಾಗಿ ಬಾಗಿಲು ದಾಟಿದವನು ತಿಂಗಳ ಮಾತ್ರೆ ಎಣಿಸಿಕೊಂಡು ಹೋಗುವುದಿಲ್ಲ. ಇನ್ಸ್‌ಪೆಕ್ಟರ್ ಡಬ್ಬಿಯ ವಿಷಯವನ್ನು ಪಂಚನಾಮೆಯಲ್ಲಿ ಬರೆಸಿದರು.

ತಂಗಿಯ ವಿಚಾರಣೆ ಠಾಣೆಯಲ್ಲಿ ಸಂಜೆ ಐದೂವರೆಗೆ ಶುರುವಾಯಿತು. ನಡುವೆ ಅವಳ ಫೋನ್ ಎರಡು ಸಲ ಬಡಿದುಕೊಂಡಿತು. ಎರಡು ಸಲವೂ ಅಪ್ಪಣೆ ಕೇಳಿ ಎತ್ತಿ, ಯಾರೋ ತಪ್ಪು ಮನುಷ್ಯನನ್ನು ಕಂಡದ್ದನ್ನು ಪೂರ್ತಿ ಕೇಳಿಸಿಕೊಂಡು, ಥ್ಯಾಂಕ್ಸ್ ಹೇಳಿ ಇಟ್ಟಳು.

“ವೆಬ್‌ಸೈಟ್ ಹೆಸರು ಯಾವತ್ತು ತಗೊಂಡ್ರಿ?” ಎಂದರು ಇನ್ಸ್‌ಪೆಕ್ಟರ್.

“ಭಾನುವಾರ ರಾತ್ರಿ.”

“ಕಂಪನಿಯವರು ಮೂರನೇ ತಾರೀಕು ಅಂತಾರೆ.”

ಅವಳು ಕಾಗದ ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಗಿರಾಕಿಯ ಕೆಲಸದಲ್ಲಿ ತಪ್ಪು ಸಿಕ್ಕಿದರೆ ಹೇಗೆ ನೋಡುತ್ತಿದ್ದಳೋ ಹಾಗೆ ನೋಡಿದಳು.

“ಮೊದಲು ಹೆಸರು ಬುಕ್ ಮಾಡಿ, ಮಿಕ್ಕಿದ್ದು ಆಮೇಲೆ. ಬರೋರಿಗೆಲ್ಲ ಇದನ್ನೇ ಹೇಳ್ತೀನಿ” ಎಂದಳು. “ಕೈಗೆ ಅಭ್ಯಾಸ ಆಗಿಬಿಟ್ಟಿದೆ ಸಾರ್. ಮನಸ್ಸಲ್ಲಿ ಬಂತು, ಬುಕ್ ಮಾಡಿದೆ. ಆ ತಾರೀಕು ಯಾರು ಬೇಕಾದ್ರೂ ನೋಡಬಹುದು ಅಂತ ಗೊತ್ತು. ಡಾಟ್ ನೆಟ್ ಸಿಟ್ಟಲ್ಲಿ ಮರೆತೇಹೋಯ್ತು.”

“ನಿಮ್ಮಣ್ಣ ಎಲ್ಲಿದಾರೆ?”

ಅವಳು ಹೇಳಿದಳು. ಬಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ. ಭಾನುವಾರ ಮುಂಜಾನೆ ಒಳ್ಳೆಯ ಅಂಗಿ ಹಾಕಿಸಿ, ಬಸ್ಸಿನಲ್ಲಿ ನಾಲ್ಕು ತಾಸು ದೂರದ ಇನ್ನೊಂದು ಊರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಹೊರರೋಗಿಗಳು ಕಾಯುವ ಹಾಲ್‌ನಲ್ಲಿ ಬೆಂಚಿನ ಮೇಲೆ ಕೂರಿಸಿ, ಮಾತ್ರೆ, ಬಟ್ಟೆಯ ಚೀಲ ಪಕ್ಕಕ್ಕಿಟ್ಟು, ನಾನು ಬರುವವರೆಗೂ ಇಲ್ಲೇ ಕೂತಿರು ಎಂದಿದ್ದಳು. ಅಲ್ಲಿ ಡಾಕ್ಟರುಗಳಿದ್ದಾರೆ, ಫಿಟ್ಸ್ ಬಂದರೆ ನೋಡುತ್ತಾರೆ ಎಂದು ಆಸ್ಪತ್ರೆಯನ್ನೇ ಆರಿಸಿದ್ದಳು. ಇನ್ಸ್‌ಪೆಕ್ಟರ್ ಅಲ್ಲೇ ಫೋನ್ ಎತ್ತಿ ಆಸ್ಪತ್ರೆಯೊಳಗಿನ ಪೊಲೀಸ್ ಹೊರಠಾಣೆಗೆ ತಿಳಿಸಿದರು. ಹತ್ತು ನಿಮಿಷದಲ್ಲಿ ಉತ್ತರ ಬಂತು: ಇದ್ದಾನೆ, ಅದೇ ಬೆಂಚು. ರೈಟರ್ ಮೊದಲ ಸಲ ಗೊಣಗದೆ ಉಸಿರುಬಿಟ್ಟ.

“ಬಿಟ್ಟು ಬಂದ ಮೇಲೆ ಸೈಟ್ ಯಾಕೆ?” ಎಂದಳು ಟೀಚರ್. “ನಾವು ನಂಬಲಿ ಅಂತಾನಾ?”

“ಅದೂ ಹೌದು.” ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟಳು. “ಯಾರಾದ್ರೂ ಫೋನ್ ಮಾಡಿ, ಇಲ್ಲಿದಾನೆ, ಚೆನ್ನಾಗಿದಾನೆ ಅಂತ ಹೇಳಲಿ ಅಂತ. ಕರ್ಕೊಂಡು ಬರೋಕಲ್ಲ. ಗೊತ್ತಾಗೋಕೆ.”

ಮೂರನೇ ತಾರೀಕು ಏನಾಯಿತು ಎಂದು ಕೇಳಿದ್ದಕ್ಕೆ ಏನೂ ಆಗಲಿಲ್ಲ ಎಂದಳು. ಅಮ್ಮ ಸತ್ತಾಗಿನಿಂದ ಅಣ್ಣ ಅವಳ ಪಾಲು. ಅವತ್ತು ಗಿರಾಕಿಯೊಬ್ಬರನ್ನು ನೋಡಲು ಹೊರಡುವಾಗ, ಕುರ್ಚಿ ಬಿಟ್ಟು ಏಳಬೇಡ ಎಂದು ಎಂದಿನಂತೆ ಹೇಳಿ ಬಾಗಿಲು ಹಾಕಿಕೊಂಡು ಹೋಗಿದ್ದಳು. ಬರುವುದು ತಡವಾಯಿತು. ಬಂದಾಗ ಅವನು ಕುರ್ಚಿಯಲ್ಲೇ ಇದ್ದ, ಪ್ಯಾಂಟೆಲ್ಲ ಒದ್ದೆ. ಏಳಬೇಡ ಅಂದಿದ್ದೆಯಲ್ಲ ಎಂದು ನಕ್ಕ.

“ಸಿಟ್ಟು ಬರಬೇಕಿತ್ತು. ಇಲ್ಲಾ ಅಳು ಬರಬೇಕಿತ್ತು. ಏನೂ ಬರಲಿಲ್ಲ ಸಾರ್. ತೊಳೆದೆ, ಬಟ್ಟೆ ಬದಲಾಯಿಸಿದೆ, ಊಟ ಹಾಕಿದೆ, ಕಂಪ್ಯೂಟರ್ ಮುಂದೆ ಕೂತು ಹೆಸರು ಬುಕ್ ಮಾಡಿದೆ.”

ಅಸಹಾಯಕನನ್ನು ತೊರೆದದ್ದು, ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟದ್ದು ಎಂದು ಪ್ರಕರಣ ದಾಖಲಿಸಿ, ಸಂಜೆ ಆರೂಕಾಲಕ್ಕೆ ಬಂಧಿಸಲಾಯಿತು. ಫೋನ್ ವಶಪಡಿಸಿಕೊಂಡು ರೈಟರ್‌ನ ಮೇಜಿನ ಮೇಲಿಡಲಾಯಿತು. ಚಾರ್ಜರ್ ಹಾಕಿಡಿ ಎಂದಷ್ಟೇ ಅವಳು ಕೇಳಿಕೊಂಡಳು.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅಣ್ಣ ಬೆಂಚು ಬಿಟ್ಟು ಏಳಲೊಲ್ಲ ಎಂದು ಹೊರಠಾಣೆಯವರು ರಾತ್ರಿಯೇ ಕೈಚೆಲ್ಲಿದ್ದರು. ತಂಗಿ ಬರ್ತಾಳೆ ಎನ್ನುವುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಎತ್ತಲು ಹೋದರೆ ಬೆಂಚನ್ನು ಅಪ್ಪಿಕೊಳ್ಳುತ್ತಿದ್ದ. ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಆರೋಪಿಯನ್ನೇ ಕರೆದುಕೊಂಡು ಹೊರಟರು. ಟೀಚರ್ ಮಫ್ತಿಯಲ್ಲಿದ್ದಳು, ದಾರಿಯುದ್ದಕ್ಕೂ ತಂಗಿಯ ಕೈ ಹಿಡಿದೇ ಇದ್ದಳು.

ಅಷ್ಟು ದಿನ ಅವನು ಹೇಗಿದ್ದ ಎಂಬುದು ಅಲ್ಲಿ ತಿಳಿಯಿತು. ಕ್ಯಾಂಟೀನಿನ ಹೆಂಗಸು ಎರಡು ಹೊತ್ತು ತಿನ್ನಲು ಕೊಟ್ಟಿದ್ದಳು. ಶೌಚಕ್ಕೆ ಹೋಗಬೇಕಾದರೆ ಅವಳೇ ಬಂದು ಅವನ ಜಾಗದಲ್ಲಿ ಕೂರಬೇಕಿತ್ತು. ಮಂಗಳವಾರ ಫಿಟ್ಸ್ ಬಂದಾಗ ಡಾಕ್ಟರುಗಳು ಎತ್ತಿಕೊಂಡು ಹೋದರು, ಎಚ್ಚರವಾದೊಡನೆ ನಡೆದು ಬಂದು ಅದೇ ಬೆಂಚಿನಲ್ಲಿ ಕೂತ. ಯಾವುದೋ ರೋಗಿಯ ಕಡೆಯವನು ಎಂದು ಎಲ್ಲರೂ ತಿಳಿದಿದ್ದರು. ಅಲ್ಲಿ ಹಾಗೆ ವಾರಗಟ್ಟಲೆ ಕೂರುವವರು ಬೇಕಾದಷ್ಟು ಜನ.

ತಂಗಿ ಹತ್ತಿರ ಬಂದು ನಿಂತಳು. ಅವನು ತಲೆಯೆತ್ತಿದ.

“ತಡ ಮಾಡ್ದೆ” ಎಂದ.

“ಹೂಂ.”

“ನಾನು ಎದ್ದಿಲ್ಲ.”

“ಗೊತ್ತು. ಈಗ ಏಳು.”

ಅವನು ಚೀಲ ಎತ್ತಿಕೊಂಡು ಎದ್ದ. ಟೀಚರ್ ಗೋಡೆಯ ಕಡೆ ತಿರುಗಿದಳು. ಅವಳಿಗೆ ಅಳು ಬಂದಿತ್ತು. ತಂಗಿಗೆ ಬರಲಿಲ್ಲ. ಮಧ್ಯಾಹ್ನ ಅವನನ್ನು ಸರ್ಕಾರಿ ಆಶ್ರಯಮನೆಗೆ ಒಪ್ಪಿಸುವಾಗ, ಅಲ್ಲಿಯವರನ್ನು ತೋರಿಸಿ, ಇವರು ಹೇಳಿದ ಹಾಗೆ ಕೇಳು ಎಂದಳು. ಅವನು ಆಗಲಿ ಎಂದು ಕೂತ.

ಡಾಟ್ ನೆಟ್ ಏಜೆನ್ಸಿಯವನ ಮೇಲಿನ ಮೊಕದ್ದಮೆ ಬೇರೆಯಾಗಿ ನಡೆಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಅದೇ ಶುಕ್ರವಾರ ಸಂಜೆ ಐದೂ ಹತ್ತಕ್ಕೆ, ಠಾಣೆಗೆ ಮರಳಿ ತಂಗಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಕಾಗದಪತ್ರ ಸಿದ್ಧವಾಗುತ್ತಿದ್ದಾಗ, ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ರೈಟರ್ ಎತ್ತಿದ. ಒಬ್ಬ ಹೆಂಗಸಿನ ದನಿ. ತಾನು ಆಸ್ಪತ್ರೆಯ ಕ್ಯಾಂಟೀನಿನವಳು, ಸೊಸೆ ಈಗಷ್ಟೇ ಮೊಬೈಲಿನಲ್ಲಿ ನಿಮ್ಮ ಸೈಟ್ ತೋರಿಸಿದಳು ಎಂದಳು.

“ಫೋಟೋದಲ್ಲಿರೋರು ಇಷ್ಟು ದಿನ ನಮ್ಮಲ್ಲೇ ಇದ್ರು. ಚೆನ್ನಾಗಿದ್ರು. ಬೆಳಿಗ್ಗೆ ಅವ್ರ ತಂಗಿ ಬಂದು ಕರ್ಕೊಂಡು ಹೋದ್ಲು. ಮನೆಯವರಿಗೆ ಗಾಬರಿ ಬೇಡ ಅಂತ ಹೇಳೋಣ ಅಂತ ಫೋನ್ ಮಾಡ್ದೆ.”

ರೈಟರ್ ಸಮಯ ಹಾಕಿ ಠಾಣೆಯ ದಿನಚರಿಯಲ್ಲಿ ಕರೆಯನ್ನು ನಮೂದಿಸಿದ. ಇನ್ಸ್‌ಪೆಕ್ಟರ್ ಕಡೆ ನೋಡಿದ. ಹೋಗಿ ಹೇಳಿ ಎಂದರು ಅವರು. ಅವನು ಲಾಕಪ್ಪಿನ ಕಂಬಿಯ ಹತ್ತಿರ ಹೋಗಿ, ಒಂದು ಮಾತೂ ಬಿಡದೆ ಹೇಳಿದ.

“ಚೆನ್ನಾಗಿದ್ದ ಅಂದ್ರಾ?” ಎಂದು ಅವಳು ಕೇಳಿದಳು.

“ಹೂಂ. ಹಾಗೇ ಅಂದ್ರು.”

ಅವಳು ತಲೆಯಾಡಿಸಿದಳು. ವಾಪಸು ಬಂದಾಗಿನಿಂದ ಮುಟ್ಟದಿದ್ದ ಊಟದ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದಳು.