ಮುನ್ನೂರ ಹನ್ನೆರಡು ಸೊಂಟಗಳ ಗುಟ್ಟು

"ಬೇಡ ಅಂದ್ರೆ ಬೇಡ!" ಎಂದಳು ಅಮ್ಮ. ಬಾಯಲ್ಲಿ ಐದು ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅದು "ಬೇಬಂಬೇ ಬೇಬ" ಎಂದು ಕೇಳಿಸಿತು. ಆದರೂ ಗಿಣಿಗೆ ಅರ್ಥವಾಯಿತು. ಮೂರು ದಿನದಿಂದ ಅದೇ ಉತ್ತರ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು.

ಗಿಣಿಗೆ ಹತ್ತು ವರ್ಷ. ಅವಳ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಬಾಯಿಗೆ ಬಿಡುವೇ ಕೊಡದೆ ಮಾತಾಡುತ್ತಿದ್ದುದರಿಂದ ಮನೆಯಲ್ಲೂ ಶಾಲೆಯಲ್ಲೂ ಅವಳು ಗಿಣಿ.

ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಮೂಲೆಯಲ್ಲಿ ಹೊಲಿಗೆ ಮಷೀನು, ಇನ್ನೊಂದು ಮೂಲೆಯಲ್ಲಿ ಹಳೆಯ ಕಂಪ್ಯೂಟರು. ಆ ಕಂಪ್ಯೂಟರಿನ ಪರದೆ ಮೇಲೆ ದಿನಾ ಬೆಳಿಗ್ಗೆ ಒಂದು ನೀಲಿ ಚೌಕ ಬಂದು ಕೂರುತ್ತಿತ್ತು. 'ಹೊಸ ಆಪರೇಟಿಂಗ್ ಸಿಸ್ಟಂ ಸಿದ್ಧವಿದೆ. ಹಳೆಯದಕ್ಕೆ ಈ ತಿಂಗಳ ನಂತರ ರಕ್ಷಣೆ ಇರುವುದಿಲ್ಲ. ಈಗಲೇ ಅಪ್‌ಗ್ರೇಡ್ ಮಾಡಿ!'

ಗಿಣಿಗೆ ಆ ಅಪ್‌ಗ್ರೇಡ್ ಬೇಕೇ ಬೇಕಿತ್ತು. ಶಾಲೆಗಾಗಿ ಅವಳ ಗುಂಪಿನ ನಾಲ್ವರು ಸೇರಿ ಒಂದು ಆನೆಯ ಕಾರ್ಟೂನ್ ಮಾಡಬೇಕಿತ್ತು. ಚಿತ್ರಗಳೆಲ್ಲ ತಯಾರು. ಆದರೆ ಅವನ್ನು ಕುಣಿಸುವ ಪ್ರೋಗ್ರಾಂ ಹಳೆಯ ಸಿಸ್ಟಂನಲ್ಲಿ ತೆರೆಯುತ್ತಲೇ ಇರಲಿಲ್ಲ. "ನಮ್ಮನೇಲಿ ಕಂಪ್ಯೂಟರ್ ಇದೆ, ನಾನು ಮಾಡ್ಕೊಂಡು ಬರ್ತೀನಿ" ಎಂದು ಎದೆ ತಟ್ಟಿಕೊಂಡು ಹೇಳಿದವಳು ಗಿಣಿಯೇ. ಸೋಮವಾರ ಕೊಡಬೇಕು. ಇವತ್ತು ಆಗಲೇ ಬುಧವಾರ.

ಅಮ್ಮ ಸೂಜಿಗಳನ್ನು ಒಂದೊಂದಾಗಿ ಬಟ್ಟೆಗೆ ಚುಚ್ಚಿ ಬಾಯಿ ಖಾಲಿ ಮಾಡಿಕೊಂಡಳು. "ಅದರಲ್ಲಿ ಏನು ಬರೆದಿದೆ ಓದಿದ್ಯಾ? 'ನಿಮ್ಮ ಕಂಪ್ಯೂಟರಿನ ಕೆಲವು ಮಾಹಿತಿಯನ್ನು ನಾವು ಪಡೆಯಬಹುದು' ಅಂತೆ. ನನ್ನ ಕಂಪ್ಯೂಟರಲ್ಲಿ ಏನಿದೆ ಹೇಳು? ಮುನ್ನೂರ ಹನ್ನೆರಡು ಜನರ ಸೊಂಟ ಇದೆ!"

ಅದು ನಿಜ. ಸೊಂಟ, ಎದೆ, ಭುಜ, ತೋಳು ಎಲ್ಲವೂ ಹೆಸರಿನ ಸಮೇತ ಇದ್ದವು. ಬೇಸಿಗೆ ರಜೆಯಲ್ಲಿ ಕೂತು ಅವನ್ನೆಲ್ಲ ಟೈಪ್ ಮಾಡಿದವಳು ಗಿಣಿ.

ಅಳತೆಯ ವಿಷಯದಲ್ಲಿ ಅಮ್ಮ ಬಲು ಕಟ್ಟುನಿಟ್ಟು. ಟೇಪು ಹಿಡಿದು ಅಳೆಯುವಾಗ ಅವಳು ಸಂಖ್ಯೆಯನ್ನು ಬಾಯಿ ಬಿಟ್ಟು ಹೇಳುತ್ತಲೇ ಇರಲಿಲ್ಲ. ಟೇಪಿನ ಮೇಲೆ ಹೆಬ್ಬೆರಳು ಒತ್ತಿ ಗಿಣಿಯ ಕಡೆ ತಿರುಗಿಸುತ್ತಿದ್ದಳು. ಗಿಣಿ ನೋಡಿ ಬರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತ ಗಿರಾಕಿಗೆ ಒಂದಕ್ಷರ ಗೊತ್ತಾಗುತ್ತಿರಲಿಲ್ಲ.

"ಬರೀ ನಂಬರ್ ಅಮ್ಮ! ಗೊತ್ತಾದ್ರೆ ಯಾರಿಗೇನು ನಷ್ಟ?" ಎಂದಳು ಗಿಣಿ. "ಅಜ್ಜಾ, ನೀನಾದ್ರೂ ಹೇಳು!"

ಅಜ್ಜ ಅಮ್ಮನ ಅಪ್ಪ. ಮೂವತ್ತೈದು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು. ಅಪ್‌ಗ್ರೇಡಿನ ಷರತ್ತುಗಳನ್ನು ಪೂರ್ತಿ ಓದದೆ ಮಾತಾಡುವುದಿಲ್ಲ ಎಂದು ಹಟ ಹಿಡಿದು, ಭೂತಗನ್ನಡಿಯನ್ನು ಪರದೆಗೆ ಅಂಟಿಸಿಕೊಂಡು ಕೂತಿದ್ದ. ನಲವತ್ತೇಳು ಪುಟಗಳಲ್ಲಿ ಆರನೆಯದು ನಡೆಯುತ್ತಿತ್ತು.

"'ನಿಮ್ಮ ಅನುಭವವನ್ನು ಉತ್ತಮಗೊಳಿಸಲು'…" ಎಂದು ಓದಿ ಅಜ್ಜ ತಲೆಯೆತ್ತಿದ. "ನನ್ನ ಅನುಭವ ಎಪ್ಪತ್ತೆರಡು ವರ್ಷದ್ದು. ಅದನ್ನ ಇವರೇನು ಉತ್ತಮಗೊಳಿಸೋದು?"

"ಅಪ್ಪ, ಮಾಡೋಣ್ವೋ ಬೇಡ್ವೋ ಹೇಳು."

"ಕಷ್ಟ ಕಣಮ್ಮ. ಮಾಡದಿದ್ರೆ ನಿಮ್ಮ ಬಾಗಿಲಿಗೆ ಬೀಗ ಇಲ್ಲ ಅಂತಾರೆ. ಮಾಡಿದ್ರೆ ಬೀಗ ನಾವೇ ಹಾಕಿಕೊಡ್ತೀವಿ, ಒಂದು ಕೀ ನಮ್ಮ ಹತ್ರಾನೂ ಇರ್ಲಿ ಅಂತಾರೆ." ಅಜ್ಜ ಮತ್ತೆ ಭೂತಗನ್ನಡಿಗೆ ಕಣ್ಣು ಹಚ್ಚಿದ. "ನಾನಂತೂ ಅಷ್ಟು ವರ್ಷ ಕಾರ್ಡು ಹಂಚಿದೆ. ಒಂದನ್ನೂ ಓದಲಿಲ್ಲ."

"ಒಂದನ್ನೂ?" ಎಂದಳು ಗಿಣಿ.

"ಮಳೇಲಿ ನೆಂದಿದ್ದನ್ನ ಓದಿದೀನಿ. ಅಕ್ಷರ ಉಳಿದಿದ್ಯಾ ಅಂತ ನೋಡೋಕೆ."

ಗುರುವಾರ ಶಾಲೆಯಲ್ಲಿ ಗಿಣಿಯ ಗೆಳತಿ, ಉದ್ದ ಜಡೆಯವಳು, ಕಾರ್ಟೂನ್ ಎಲ್ಲಿ ಎಂದು ಜಗಳಕ್ಕೇ ನಿಂತಳು. ಅಮ್ಮ ಅಪ್‌ಗ್ರೇಡಿಗೆ ಒಪ್ಪುತ್ತಿಲ್ಲ ಎಂದು ಕೇಳಿ ಇನ್ನೂ ರೇಗಿದಳು. "ಅಪ್‌ಗ್ರೇಡ್ ಮಾಡೋಕೆ ನಿಮ್ಮಮ್ಮಂಗೆ ಏನು ಭಯ? ಅಂಥ ಏನು ಗುಟ್ಟಿದೆ ನಿಮ್ಮನೇಲಿ?"

"ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಅಳತೆಗಳು ಅಷ್ಟೆ. ಈಗ ನೋಡು…" ಗಿಣಿ ಒಂದು ಉದಾಹರಣೆ ಕೊಡೋಣವೆಂದುಕೊಂಡಳು. ಅಷ್ಟೇ ಅವಳ ಉದ್ದೇಶ. "ನಮ್ಮ ಪಿ.ಟಿ. ಮೇಷ್ಟ್ರ ಸೊಂಟ ನಲವತ್ತೆರಡು. ಆದ್ರೆ ಪ್ಯಾಂಟಿನ ಒಳಗೆ ಮೂವತ್ತಾರು ಅಂತ ಲೇಬಲ್ ಹಾಕಿಸ್ಕೋತಾರೆ. ಇದು ಕಂಪನಿಯೋರಿಗೆ ಗೊತ್ತಾದ್ರೆ ಅವರೇನು ಮಾಡ್ತಾರೆ? ಯಾರಿಗೂ ಹೇಳಲ್ಲ ಅಂತ ಆಣೆ ಮಾಡು."

ಉದ್ದ ಜಡೆಯವಳು ಆಣೆ ಮಾಡಿದಳು. ಊಟದ ಬೆಲ್ ಹೊಡೆಯುವಷ್ಟರಲ್ಲಿ ತರಗತಿಯ ಮೂವತ್ತೆಂಟು ಜನವೂ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಯಾಗಿತ್ತು.

ಮಧ್ಯಾಹ್ನ ಡ್ರಿಲ್. ಪಿ.ಟಿ. ಮೇಷ್ಟ್ರ ಗಂಟಲು ದೊಡ್ಡದು. ಐವತ್ತು ಸಲ ಜಿಗಿಯಬೇಕು, ಎಣಿಸುವುದು ಅವರು. "ಮೂವತ್ತೊಂಬತ್ತು! ನಲವತ್ತು! ನಲವತ್ತೊಂದು! ನಲವತ್ತೆರಡು!"

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಕೆಲವರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು. ಗಿಣಿಗೂ ನಗು ತಡೆಯಲಾಗಲಿಲ್ಲ. ಮೇಷ್ಟ್ರು ಸುತ್ತ ನೋಡಿದರು, ಹಿಂದೆ ತಿರುಗಿ ನೋಡಿದರು. ಹಿಂದಿನ ಸಾಲಿನಿಂದ ಯಾರೋ "ಲೇಬಲ್ಲು!" ಎಂದು ಕೂಗಿದರು. ಮೇಷ್ಟ್ರ ಕೈ ತಾನಾಗಿ ಬೆಲ್ಟಿನ ಮೇಲೆ ಹೋಯಿತು.

ಶುಕ್ರವಾರವೂ ಡ್ರಿಲ್ ಇತ್ತು. "ನಲವತ್ತು! ನಲವತ್ತೊಂದು!" ಎಂದ ಮೇಷ್ಟ್ರು ಅರೆಗಳಿಗೆ ನಿಂತರು. ಆಮೇಲೆ ಸಣ್ಣ ದನಿಯಲ್ಲಿ "ನಲವತ್ತಮೂರು" ಎಂದರು.

ಮತ್ತೆ ಎಲ್ಲರೂ ನಕ್ಕರು. ಈ ಸಲ ಗಿಣಿಗೆ ನಗು ಬರಲಿಲ್ಲ. ಉಳಿದ ಏಳು ಜಿಗಿತವನ್ನು ಅವಳು ತಲೆ ತಗ್ಗಿಸಿಕೊಂಡೇ ಜಿಗಿದಳು.

ಅವತ್ತು ಸಂಜೆ ಪಿ.ಟಿ. ಮೇಷ್ಟ್ರು ಪ್ಯಾಂಟು ತೆಗೆದುಕೊಂಡು ಹೋಗಲು ಅಂಗಡಿಗೆ ಬಂದರು. ಅವರನ್ನು ಕಂಡದ್ದೇ ತಡ, ಗಿಣಿ ಬಟ್ಟೆ ಗಂಟಿನ ಹಿಂದೆ ಸರಿದಳು.

"ಮೇಡಂ, ತಪ್ಪು ತಿಳ್ಕೋಬೇಡಿ" ಎಂದರು ಮೇಷ್ಟ್ರು. "ನನ್ನ ಅಳತೆ ಎಲ್ಲಿಟ್ಟಿದೀರ?"

"ಕಂಪ್ಯೂಟರಲ್ಲಿ. ಯಾಕೆ ಮೇಷ್ಟ್ರೇ?"

"ಅಲ್ಲಿಂದ ಹೊರಗೆ ಬಿದ್ದಿರೋ ಹಾಗಿದೆ. ಎರಡು ದಿನದಿಂದ ಶಾಲೆ ತುಂಬ ಓಡಾಡ್ತಿದೆ."

ಅಮ್ಮನ ಮುಖ ಬಿಳಿಚಿಕೊಂಡಿತು. ಒಂದೇ ನೆಗೆತಕ್ಕೆ ಹೋಗಿ ಕಂಪ್ಯೂಟರಿನ ವೈರು ಕಿತ್ತಳು. "ನಾನು ಅಂದ್ಕೊಂಡೆ! ನಾನು ಅಂದ್ಕೊಂಡೆ!"

"ಅಪ್‌ಗ್ರೇಡ್ ಮಾಡೋಕೆ ಮುಂಚೇನೇ ಕದ್ದಿದಾರೆ!" ಎಂದ ಅಜ್ಜ ಎದ್ದು ನಿಂತ. "ನಾನಿನ್ನೂ ಹತ್ತೊಂಬತ್ತನೇ ಪುಟದಲ್ಲಿದೀನಿ!"

"ನಾಳೆನೇ ಇದನ್ನ ಗುಜರಿಗೆ ಹಾಕ್ತೀನಿ. ಇನ್ನು ಈ ಮನೇಲಿ ಕಂಪ್ಯೂಟರ್ ಬೇಡ" ಎಂದಳು ಅಮ್ಮ.

ಕಂಪ್ಯೂಟರು ಪಾಪ, ಏನು ಹೇಳೀತು? ಗಿಣಿ ಸುಮ್ಮನಿದ್ದರೆ ಸಾಕಿತ್ತು. ಎಲ್ಲ ಬೈಗುಳವೂ ಅದರ ಪಾಲಾಗುತ್ತಿತ್ತು. ಆದರೆ ಮೇಷ್ಟ್ರು ಸ್ಟೂಲಿನ ಮೇಲೆ ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಡಲೂ ಅಂಜುವವರ ಹಾಗೆ ಕೂತಿದ್ದರು. ಗಿಣಿಗೆ ಅದನ್ನು ನೋಡಲಾಗಲಿಲ್ಲ.

"ಕಂಪ್ಯೂಟರ್ ಅಲ್ಲ ಅಮ್ಮ" ಎಂದಳು ಬಟ್ಟೆ ಗಂಟಿನ ಹಿಂದಿನಿಂದ. "ನಾನು."

ಅಮ್ಮನ ಕೈಯಲ್ಲಿ ವೈರು ಹಾಗೇ ಇತ್ತು.

"ಯಾಕಮ್ಮ ಹೇಳ್ದೆ?" ಎಂದು ಕೇಳಿದರು ಮೇಷ್ಟ್ರು. ಅವರ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ.

"ಬರೀ ನಂಬರ್ ಅಂದ್ಕೊಂಡೆ ಸರ್. ಸಾರಿ ಸರ್."

"ಬರೀ ನಂಬರೇ. ಆದ್ರೆ ಅದು ನನ್ನದು ಅಲ್ವಾ?" ಮೇಷ್ಟ್ರು ಎದ್ದು ಅಮ್ಮನ ಕಡೆ ತಿರುಗಿದರು. "ಮೇಡಂ, ಆ ಲೇಬಲ್ ತೆಗೆದುಬಿಡಿ. ಇನ್ನು ಅದನ್ನ ಯಾರಿಗೆ ತೋರಿಸೋದು?"

ಅಮ್ಮ ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ಉಗುರಿನಷ್ಟಿದ್ದ ಆ ಬಟ್ಟೆ ಚೂರು ನೆಲಕ್ಕೆ ಬಿತ್ತು. ಗಿಣಿಗೆ ಅಳು ಬಂತು.

ಮೇಷ್ಟ್ರು ಹೋದ ಮೇಲೆ ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಕಂಪ್ಯೂಟರಿಗಾದ್ರೆ 'ಬೇಡ' ಅನ್ನೋ ಬಟನ್ ಇದೆ. ನಿಂಗೆ ಎಲ್ಲಿದೆ ಹೇಳು, ಒತ್ತಿಬಿಡ್ತೀನಿ" ಎಂದಳು ಅಷ್ಟೆ.

ಶನಿವಾರ ಬೆಳಿಗ್ಗೆ ಅಮ್ಮ ಒಂದು ದಪ್ಪ ನೋಟ್‌ಬುಕ್ ತಂದು ಗಿಣಿಯ ಮುಂದಿಟ್ಟಳು. "ಅಪ್‌ಗ್ರೇಡ್ ಮಾಡೋಣ. ಬೀಗ ಇಲ್ಲದ ಕಂಪ್ಯೂಟರ್ ಇಟ್ಕೊಳ್ಳೋದೂ ತಪ್ಪೇ. ಆದ್ರೆ ಮೊದಲು ಎಲ್ಲರ ಅಳತೆ ಈ ಪುಸ್ತಕಕ್ಕೆ ಇಳೀಬೇಕು, ಅಲ್ಲಿಂದ ಅಳಿಸಬೇಕು. ನಿನ್ನ ಕೈಯಿಂದಾನೇ."

ಮುನ್ನೂರ ಹನ್ನೆರಡು ಜನ! ನೂರನೆಯವರಿಗೆ ಬರುವಷ್ಟರಲ್ಲಿ ಗಿಣಿಯ ಬೆರಳು ಜೋಮು ಹಿಡಿಯಿತು. ಇನ್ನೂರನೆಯವರ ಹೊತ್ತಿಗೆ ಪೆನ್ಸಿಲು ಹೆಬ್ಬೆಟ್ಟಿನಷ್ಟಾಯಿತು. ಬೇಕರಿ ಮಾಮನ ಹೊಟ್ಟೆ, ಬ್ಯಾಂಕ್ ಆಂಟಿಯ ಒಂದು ಮೇಲೆ ಒಂದು ಕೆಳಗೆ ಇರುವ ಭುಜ, ಹೆಡ್‌ಮಿಸ್ಸಿನ ಮೋಟು ತೋಳು, ಎಲ್ಲವೂ ಒಂದೊಂದಾಗಿ ಪುಸ್ತಕಕ್ಕೆ ಇಳಿದವು. ಒಬ್ಬೊಬ್ಬರ ಹೆಸರು ಬರೆಯುವಾಗಲೂ ಅವರ ಮುಖ ಕಣ್ಣ ಮುಂದೆ ಬಂತು. ಬೇಸಿಗೆಯಲ್ಲಿ ಟೈಪ್ ಮಾಡುವಾಗ ಹಾಗೆ ಬಂದಿರಲಿಲ್ಲ.

ಭಾನುವಾರ ಅಪ್‌ಗ್ರೇಡ್ ಶುರುವಾಯಿತು. ಶೇಕಡಾ ಮೂವತ್ತನಾಲ್ಕಕ್ಕೆ ಬಂದು ಮೂರು ಗಂಟೆ ಹೊತ್ತು ಮಿಸುಕಾಡದೆ ನಿಂತಿತು. ಕೊನೆಗೆ ಒಂಬತ್ತು ಪ್ರಶ್ನೆ ಕೇಳಿತು. ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ, ಏನು ಟೈಪ್ ಮಾಡುತ್ತೀರಿ ಎಂದು ನೋಡಬಹುದೇ, ಹೀಗೆ. ಪ್ರತಿಯೊಂದಕ್ಕೂ 'ಹೌದು' ದೊಡ್ಡದಾಗಿ ನೀಲಿಯಾಗಿ ಕೂತಿತ್ತು. 'ಬೇಡ' ಎಲ್ಲಿದೆ ಎಂದು ಅಜ್ಜ ಭೂತಗನ್ನಡಿಯಿಂದ ಹುಡುಕಿಕೊಟ್ಟ. ಗಿಣಿ ಒಂಬತ್ತನ್ನೂ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ, ಅಮ್ಮನನ್ನು ಕೇಳಿ ಕೇಳಿ 'ಬೇಡ' ಒತ್ತಿದಳು.

ಸೋಮವಾರ ಕಾರ್ಟೂನ್ ಶಾಲೆಗೆ ಹೋಯಿತು. ಅವಸರದಲ್ಲಿ ಮಾಡಿದ್ದರಿಂದ ಆನೆ ಹಿಮ್ಮುಖವಾಗಿ ನಡೆಯುತ್ತಿತ್ತು, ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಉದ್ದ ಜಡೆಯವಳು ಹತ್ತಿರ ಬಂದು ಪಿಸುಗುಟ್ಟಿದಳು. "ಹೆಡ್‌ಮಿಸ್ ಅಳತೆ ಎಷ್ಟೇ?"

"ಮರೆತುಹೋಯ್ತು" ಎಂದಳು ಗಿಣಿ.

ಹದಿನೈದು ದಿನ ಕಳೆದು ಪಿ.ಟಿ. ಮೇಷ್ಟ್ರು ಮತ್ತೆ ಅಂಗಡಿಗೆ ಬಂದರು. ಕ್ರೀಡಾಕೂಟಕ್ಕೆ ಹೊಸ ಶರ್ಟು ಬೇಕಿತ್ತು. ಅಮ್ಮ ಟೇಪು ಕೈಗೆತ್ತಿಕೊಂಡು ಗಿಣಿಯನ್ನು ಒಮ್ಮೆ ನೋಡಿದಳು. ಆಮೇಲೆ ನೋಟ್‌ಬುಕ್ಕನ್ನು ಅಜ್ಜನ ಕೈಗೆ ಕೊಟ್ಟಳು. ಗಿಣಿ ಬಾಗಿಲ ಕಡೆ ನಡೆದಳು.

"ಎಲ್ಲಿಗೆ ಹೊರಟೆ?" ಎಂದರು ಮೇಷ್ಟ್ರು. "ಅಜ್ಜ ಬರೆದ್ರೆ ಮೂರು ಎಂಟಾಗುತ್ತೆ, ಶರ್ಟು ಡೇರೆ ಆಗುತ್ತೆ. ಬಾ, ನೀನೇ ಬರಿ."

ಗಿಣಿ ಬಂದು ಪುಸ್ತಕ ತೆರೆದಳು. ಪೆನ್ಸಿಲನ್ನು ಹಾಳೆಯ ಮೇಲೆ ಇಡಲು ಹೋದವಳು ತಡೆದು ತಲೆಯೆತ್ತಿದಳು.

"ಸರ್, ನಿಮ್ಮ ಅಳತೆ ಪುಸ್ತಕದಲ್ಲಿ ಇಟ್ಕೊಳ್ಳಬಹುದಾ? ಬೇಡ ಅಂದ್ರೆ ಬೇರೆ ಚೀಟಿಯಲ್ಲಿ ಬರೀತೀನಿ. ಶರ್ಟ್ ಆದ ಮೇಲೆ ನಿಮಗೇ ವಾಪಸ್ ಕೊಡ್ತೀನಿ."

ಅಮ್ಮನ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯನ್ನೂ ಅವಳು ಹಾಗೆ ಕೇಳಿರಲಿಲ್ಲ.

ಮೇಷ್ಟ್ರು ಗಲ್ಲ ಕೆರೆದುಕೊಂಡು ಯೋಚಿಸಿದರು. ಅವರು ಯೋಚಿಸಿ ಮುಗಿಸುವವರೆಗೂ ಗಿಣಿ ಪೆನ್ಸಿಲ್ ಹಿಡಿದು ಸುಮ್ಮನೆ ಕಾದಳು.