ಗಂಟಿಲ್ಲದ ಗಿಡದ ತೊಂಬತ್ತಾರು

ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದರೆ ಎದುರಿನ ಮೇಜಿನಿಂದ ಅವನು ನನ್ನನ್ನೇ ನೋಡುತ್ತಿದ್ದ. ಹುಬ್ಬು ಹಾರಿಸಿದ. ಬೇರೆ ದಿನವಾಗಿದ್ದರೆ ನಾಚಿಕೊಳ್ಳುತ್ತಿದ್ದೆ. ಅವತ್ತು ಕಣ್ಣು ತಪ್ಪಿಸಿದೆ.

ಹೊಗೆಸೊಪ್ಪಿನ ಗಿಡದ ಕಾಂಡದಲ್ಲಿ ಒಮ್ಮೊಮ್ಮೆ ಗಂಟು ಏಳುತ್ತದೆ, ನಮ್ಮ ಮೈಯಲ್ಲಿ ಗೆಡ್ಡೆ ಏಳುವಂತೆ. ಮಾಮೂಲಿ ಕೋಶದಲ್ಲಿ ನಲವತ್ತೆಂಟು ಕ್ರೋಮೋಸೋಮು. ಗಂಟಿನ ಎಷ್ಟೋ ಕೋಶಗಳಲ್ಲಿ ತೊಂಬತ್ತಾರು. ಸಂಖ್ಯೆ ಇಮ್ಮಡಿಯಾಗಿದ್ದಕ್ಕೇ ಗಂಟು ಹುಟ್ಟಿತು ಅನ್ನುವುದು ಅವನ ನಾಲ್ಕು ವರ್ಷದ ಥೀಸಿಸ್. ಮರುದಿನವೇ ಒಪ್ಪಿಸಬೇಕಿತ್ತು. ಥೀಸಿಸ್ ಆದರೆ ಕೆಲಸ, ಕೆಲಸವಾದರೆ ನಮ್ಮ ಮದುವೆ. "ಈ ವರ್ಷ ದಾಟಿದ್ರೆ ಬೇರೆ ಹುಡುಗನ್ನ ನೋಡ್ತೀನಿ" ಅಂತ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಹೋಲಿಕೆಗೆ ನಾವು ಯಾವಾಗಲೂ ಬೇರಿನ ತುದಿಯನ್ನೇ ತೆಗೆದುಕೊಳ್ಳುತ್ತಿದ್ದೆವು. ಅಲ್ಲಿ ಎಣಿಸುವುದು ಸುಲಭ. ಸುಮ್ಮನಿರಲಾರದೆ ನಾನು ಗಂಟೇ ಇಲ್ಲದ ಗಿಡದ ಕಾಂಡದ ತಿರುಳನ್ನು ಬಾಟಲಿಯಲ್ಲಿ ಬೆಳೆಸಿ ನೋಡಿದ್ದೆ. ಅಲ್ಲೂ ತೊಂಬತ್ತಾರು. ಮೂರರಲ್ಲೊಂದು ಕೋಶ ಹಾಗೇ.

ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

"ನೀವು ಸ್ಲೈಡ್ ಅದಲುಬದಲು ಮಾಡಿದೀರ."

ಇಬ್ಬರೇ ಇದ್ದಾಗ ಅವನು ನನ್ನನ್ನು ಬಹುವಚನದಲ್ಲಿ ಕರೆದದ್ದೇ ಇಲ್ಲ. ಅಳು ಬಂತು, ಸಿಟ್ಟೂ ಬಂತು.

"ಬಾಟಲಿಯಲ್ಲಿ ಇನ್ನೊಂದು ತುಂಡಿದೆ. ನಿನ್ನ ಕೈಯಾರೆ ಮಾಡ್ಕೊಂಡು ನೋಡು."

ಬಣ್ಣ ಹಾಕಿದ. ಗಾಜಿನ ಮೇಲೆ ಹೆಬ್ಬೆರಳು ಒತ್ತಿ ಸ್ಲೈಡ್ ಮಾಡಿದ. ನಾನು ಕಿಟಕಿ ಕಡೆ ತಿರುಗಿ ನಿಂತೆ. ಎಣಿಸುವ ಕ್ಲಿಕ್ಕರಿನ ಸದ್ದು ಶುರುವಾಯಿತು. ನಾನೂ ಮನಸ್ಸಿನಲ್ಲೇ ಎಣಿಸಿದೆ. ನಲವತ್ತೆಂಟಕ್ಕೆ ನಿಲ್ಲಲಿ ದೇವರೇ ಅಂದುಕೊಂಡೆ, ನನ್ನದೇ ತಪ್ಪಾಗಲಿ.

ನಲವತ್ತೆಂಟಾಯಿತು. ಸದ್ದು ನಿಲ್ಲಲಿಲ್ಲ.

ಇನ್ನೂ ಹತ್ತಾರು ಕೋಶ ಎಣಿಸಿದ. ಆಮೇಲೆ ಬಂದು ನನ್ನ ಪಕ್ಕ ನಿಂತ.

"ಗಂಟು ಏಳೋಕೆ ಮೊದಲೇ ತೊಂಬತ್ತಾರು ಅಲ್ಲಿತ್ತು, ಗಂಟಿಗೆ ಅದು ಕಾರಣ ಅಲ್ಲ," ಅಂದ. "ನಾಲ್ಕು ವರ್ಷ ನೀರಲ್ಲಿ ಹೋಮ ಮಾಡಿದೆ. ನಿನ್ನನ್ನ ಬೇರೆ ಅನುಮಾನಿಸಿದೆ."

"ಹ್ಞೂಂ, ಅದನ್ನ ಆಮೇಲೆ ವಿಚಾರಿಸ್ಕೋತೀನಿ."

"ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಈ ವರ್ಷವೇ ಮದುವೆ ಆಗ್ತಿತ್ತು ಕಣೇ."

"ಆಗ್ತಿತ್ತು. ಆಮೇಲೆ ದಿನಾ ನಿನ್ನ ಮುಖ ಹೇಗೋ ನೋಡ್ಲಿ?"

ಅವನ ಕಣ್ಣು ತುಂಬಿತ್ತು. ಬಣ್ಣ ಹತ್ತಿದ ಬೆರಳುಗಳಿಂದಲೇ ನನ್ನ ಕೈ ಹಿಡಿದ. "ಎಲ್ಲಾ ಮತ್ತೆ ಬರೀಬೇಕು. ಇನ್ನೊಂದು ವರ್ಷ. ಕಾಯ್ತೀಯಾ?"

"ನಾನು ಕಾಯ್ತೀನಿ. ಅಪ್ಪ ಕಾಯಲ್ಲ."

"ಫೋನ್ ಕೊಡು. ನಾನೇ ಕೇಳ್ತೀನಿ."

ಅಪ್ಪನ ನಂಬರ್ ಒತ್ತಿ ಕೊಟ್ಟೆ. ಅಪ್ಪನೇ ಎದುರಿಗೆ ಬಂದ ಹಾಗೆ ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ. ಆ ಕಡೆ ರಿಂಗ್ ಆಗುತ್ತಿತ್ತು.

"ಸರ್ ಅನ್ಲಾ, ಮಾವ ಅನ್ಲಾ?" ಪಿಸುಗುಟ್ಟಿದ.

"ಮಾವ ಅನ್ನು," ಅಂದೆ.