ಜವರ ಎರಡು ಸಲ ಕೈಕೊಟ್ಟ ಕತೆ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಕೆಂದೂಳಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ರಾಣಿ ಸೈನ್ಯ ಇಟ್ಟಿರಲಿಲ್ಲ, ಗರಡಿಮನೆ ಇಟ್ಟಿದ್ದಳು. ಪಕ್ಕದ ರಾಜರು ಗಡಿಗಾಗಿ ಜಗಳ ತೆಗೆದರೆ, "ಕತ್ತಿ ಕುದುರೆ ಎಲ್ಲ ಯಾಕೆ? ನಿಮ್ಮ ಜೋಡಿ ಕಳಿಸಿ, ನಮ್ಮ ಜೋಡಿ ಕಳಿಸ್ತೀವಿ" ಎನ್ನುತ್ತಿದ್ದಳು. ಗೆದ್ದ ಜೋಡಿಯ ಮಾತೇ ತೀರ್ಪು. ಇದರಿಂದ ಸತ್ತವರು ಯಾರೂ ಇಲ್ಲ. ಮೂಗು ಸೊಟ್ಟಗಾದವರು ಮಾತ್ರ ಬೇಕಾದಷ್ಟು ಜನ ಇದ್ದರು.

ಜೋಡಿ ಕುಸ್ತಿಯ ನಿಯಮ ಸರಳವಾಗಿತ್ತು. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಅಖಾಡ ಹದ ಮಾಡುತ್ತಿದ್ದರು. ಜೋಡಿಯಲ್ಲಿ ಒಬ್ಬ ಅಖಾಡದ ಒಳಗೆ, ಇನ್ನೊಬ್ಬ ದಡದ ಮೇಲೆ. ಒಳಗಿನವನು ದಣಿದರೆ "ಕೈ ಕೊಡು" ಎಂದು ಬಾಯಿಬಿಟ್ಟು ಕೇಳಬೇಕು. ದಡದವನು ಗೆರೆಯ ಮೇಲೆ ನಿಂತೇ ಕೈ ಚಾಚಬೇಕು. ಅಂಗೈಗೆ ಅಂಗೈ ತಾಗಿದರೆ ಒಳಗಿನವನು ಹೊರಗೆ, ಹೊರಗಿನವನು ಒಳಗೆ. ಕೇಳದೆ ಕೊಡುವಂತಿಲ್ಲ. ಕೈ ತಾಗದೆ ದಡದವನು ಒಳಗಿಳಿದರೆ ಸೋತಂತೆ, ಬೆನ್ನು ಮಣ್ಣಿಗೆ ತಾಗಿದರೂ ಸೋತಂತೆ.

ಹೊರಗಿನ ಲೋಕದಲ್ಲಿ ಕೈಕೊಡುವುದು ಎಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಟ್ಟುಹೋಗುವುದು. ಕೆಂದೂಳಿಯ ಗರಡಿಯಲ್ಲಿ ಮಾತ್ರ ಅದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ. ನಮ್ಮ ಕತೆಯ ತೊಂದರೆಯೆಲ್ಲ ಶುರುವಾಗುವುದು ಇಲ್ಲಿಂದಲೇ.

ಆ ಗರಡಿಯಲ್ಲಿ ಜವರ, ಹೊಂಬಾಳ ಎಂಬ ಜೋಡಿ ಇತ್ತು. ಹೊಂಬಾಳ ಗಿಡ್ಡ, ಗಟ್ಟಿ, ಸದಾ ನಗುವವನು. ಜವರ ಉದ್ದ, ಮೌನಿ. ಅವನ ತೋಳು ಎಷ್ಟು ಉದ್ದವೆಂದರೆ ಹೊಂಬಾಳ ಅಖಾಡದ ನಡುವೆ ಸಿಕ್ಕಿಬಿದ್ದಿದ್ದರೂ ದಡದಿಂದಲೇ ಅವನ ಅಂಗೈ ಮುಟ್ಟುತ್ತಿತ್ತು. ಹನ್ನೆರಡು ವರ್ಷ ಅವರು ಸೋಲಲಿಲ್ಲ. ಉಪ್ಪಿನ ರಾಜ್ಯದ ಅವಳಿಗಳನ್ನು ಸೋಲಿಸಿದರು, ಆನೆ ಮಾವುತರ ಜೋಡಿಯನ್ನು ಸೋಲಿಸಿದರು, ಮೈಗೆ ಹರಳೆಣ್ಣೆ ಸುರಿದುಕೊಂಡು ಬಂದ ಮೋಸಗಾರ ಜೋಡಿಯನ್ನೂ ಸೋಲಿಸಿದರು. ಅದರಲ್ಲಿ ಅರ್ಧ ಗೆಲುವು ಜವರನ ತೋಳಿನದು. ಆದರೆ ಜನ ಕೂಗುತ್ತಿದ್ದುದು "ಹೊಂಬಾಳ! ಹೊಂಬಾಳ!" ಎಂದು. ಹೆಣ್ಣುಮಕ್ಕಳ ಸೋಬಾನೆಯಲ್ಲೂ ಹೊಂಬಾಳನೇ. ಮಾವುತರನ್ನು ಗೆದ್ದ ದಿನ ಒಬ್ಬ ಮುದುಕಿ ಜವರನನ್ನು ನೋಡಿ, "ನೀನು ಹೊಂಬಾಳನ ಟವಲ್ ಹಿಡಿಯೋನಲ್ವೇನಪ್ಪ?" ಎಂದಳು.

ಹೊಂಬಾಳನಿಗೆ ಇದೊಂದೂ ತಲೆಗೆ ಹೋಗುತ್ತಿರಲಿಲ್ಲ. ಬಾದಾಮಿ ಹಾಲು ಬಂದರೆ, "ಲೋ ಉದ್ದ, ಮೊದ್ಲು ನೀನ್ ಕುಡಿ" ಎಂದು ಲೋಟ ಮುಂದೆ ಮಾಡುತ್ತಿದ್ದ. ಜವರ ಕುಡಿಯುತ್ತಿದ್ದ. ಅವನ ಹೊಟ್ಟೆಯೊಳಗೆ ಹಾಲಿನ ಜೊತೆ ಹೊಟ್ಟೆಕಿಚ್ಚೂ ಇಳಿಯುತ್ತಿತ್ತು.

ಒಂದು ಸಂಜೆ, ಬಿಸಿಲು ಓರೆಯಾಗಿದ್ದಾಗ, ದೂರದ ಒಂಟಿಗಂಬ ಎಂಬಲ್ಲಿ ವಾಸಿಸುವ ಒಬ್ಬ ಮಾಯಾವಿ ಕೆಂದೂಳಿಗೆ ಬಂದ.

"ನಿಮ್ಮ ಜೋಡಿಯ ಜೊತೆ ಕುಸ್ತಿ ಬೇಕು. ಸೋತರೆ ನಾನು ನಿಮ್ಮ ಆಳು. ಗೆದ್ದರೆ ಬಿದ್ದವನು ನನ್ನವನು, ಈ ರಾಜ್ಯದ ನೆರಳುಗಳೆಲ್ಲ ನನ್ನವು" ಎಂದ.

"ನಿನ್ನ ಜೋಡಿ ಎಲ್ಲಪ್ಪ?" ಎಂದು ರಾಣಿ ಕೇಳಿದಳು.

"ನನ್ನ ನೆರಳೇ ನನ್ನ ಜೋಡಿ" ಎಂದ ಮಾಯಾವಿ. ಅವನು ಅಖಾಡಕ್ಕೆ ಇಳಿದ. ಅವನ ಉದ್ದನೆಯ ನೆರಳು ಎದ್ದು ದಡದ ಮೇಲೆ ನಿಂತಿತು.

ಹೊಂಬಾಳ ಒಳಗಿಳಿದ, ಜವರ ದಡದಲ್ಲಿ ನಿಂತ, ಕುಸ್ತಿ ಶುರುವಾಯಿತು. ಮಾಯಾವಿ ದಣಿದರೆ ನೆರಳಿನ ಕೈ ಮುಟ್ಟುತ್ತಿದ್ದ, ನೆರಳು ಒಳಗೆ ಬರುತ್ತಿತ್ತು. ನೆರಳಿಗೆ ದಣಿವೆಲ್ಲಿಯದು? ಕೊನೆಗೆ ಹೊಂಬಾಳ ಬಾಗಿದ, ಮಂಡಿಯೂರಿದ. "ಲೋ ಉದ್ದ, ಕೈ ಕೊಡೋ!" ಎಂದು ಕೂಗಿದ.

ಅದೇ ಹೊತ್ತಿಗೆ ಇಡೀ ಊರು "ಹೊಂಬಾಳ! ಹೊಂಬಾಳ!" ಎಂದು ಅರಚಿತು. ಜವರನಿಗೆ ಮುದುಕಿಯ ಮಾತು ನೆನಪಾಯಿತು. ಒಂದು ಉಸಿರು, ಒಂದೇ ಒಂದು ಉಸಿರು ತಡಿ, ನಾನಿಲ್ಲದಿದ್ದರೆ ಏನಾಗುತ್ತದೆಂದು ಇವರೆಲ್ಲ ನೋಡಲಿ ಎಂದುಕೊಂಡ. ಅವನು ಕೈ ಚಾಚುವಷ್ಟರಲ್ಲಿ ಹೊಂಬಾಳನ ಬೆನ್ನು ಮಣ್ಣಿಗೆ ತಾಗಿತ್ತು. ತಾಗಿದ್ದೇ ತಡ, ಅವನು ಕಾಲಿನಿಂದ ತಲೆಯವರೆಗೆ ಮಣ್ಣಾದ.

ಮಾಯಾವಿ ನಕ್ಕು, "ಕೈಕೊಟ್ಟವನು ಮತ್ತೊಮ್ಮೆ ಕೈಕೊಡುವ ತನಕ ಇವನು ಮಣ್ಣಾಗಿಯೇ ಇರಲಿ" ಎಂದು ಶಾಪ ಹಾಕಿದ. ಮಣ್ಣಿನ ಹೊಂಬಾಳನನ್ನು ಹೆಗಲಿಗೇರಿಸಿ, ಊರಿನ ನೆರಳುಗಳನ್ನೆಲ್ಲ ಚಾಪೆಯ ಹಾಗೆ ಸುತ್ತಿಕೊಂಡು ಹೊರಟುಹೋದ.

"ಜವರ ಕೈಕೊಟ್ಟ" ಎಂದಿತು ಊರು. ಕೈ ಕೊಡಬೇಕಾದಾಗ ಕೊಡದೆ ಹೋದವನಿಗೆ ಕೈಕೊಟ್ಟವನು ಎಂಬ ಹೆಸರು ಬಂತು. ಆಮೇಲೆ ಅವನಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬಾವಿಕಟ್ಟೆಗೆ ಬಂದರೆ ಬಿಂದಿಗೆಗಳು ಬೇಗ ತುಂಬುತ್ತಿದ್ದವು, ಜಗಲಿಯಲ್ಲಿ ಕೂತರೆ ಜಗಲಿ ಖಾಲಿಯಾಗುತ್ತಿತ್ತು. ಕೊನೆಗೆ ಅವನು ಲಂಗೋಟಿ, ಒಂದು ಗಂಟು ಅವಲಕ್ಕಿ ಹಿಡಿದು ಒಂಟಿಗಂಬದ ದಾರಿ ಹಿಡಿದ. ಒಂಟಿ ಮನುಷ್ಯನಿಗೆ ಅವನ ನೆರಳಾದರೂ ಜೊತೆ ಇರುತ್ತದೆ. ಜವರನಿಗೆ ಅದೂ ಇರಲಿಲ್ಲ.

ದಾರಿಯಲ್ಲಿ ಮೂರು ಅಖಾಡಗಳಿದ್ದವು. ಗೆದ್ದವರಿಗಷ್ಟೇ ಅವು ದಾರಿ ಬಿಡುತ್ತಿದ್ದವು.

ಮೊದಲನೆಯದರಲ್ಲಿ ಎರಡು ಕರಡಿಗಳಿದ್ದವು. ಒಂದು ಒಳಗೆ, ಒಂದು ದಡದಲ್ಲಿ. ಜವರ ಒಳಗಿನ ಕರಡಿಯ ಜೊತೆ ಬೆಳಗಿನಿಂದ ಹೋರಾಡಿದ. ಉಸಿರು ಕಟ್ಟಿದಾಗ ಹಳೆಯ ಅಭ್ಯಾಸದಂತೆ ಕೈ ಚಾಚಿ, "ಕೈ ಕೊಡೋ!" ಎಂದು ಕೂಗಿದ. ಅವನ ಕಡೆಯ ದಡದಲ್ಲಿ ಯಾರಿದ್ದಾರೆ? ಒಂದಿಷ್ಟು ಹುಲ್ಲು ಇತ್ತು. ಆದರೆ ದಡದ ಕರಡಿ ತನ್ನ ಜೋಡಿಯೇ ಕೂಗಿತೆಂದು ತಿಳಿದು, ಗಾಬರಿಯಲ್ಲಿ ಧುಮುಕಿಬಿಟ್ಟಿತು. ಕೈ ತಾಗದೆ ಒಳಗಿಳಿದದ್ದರಿಂದ ಕರಡಿಗಳು ಸೋತವು. ಸೋತದ್ದಕ್ಕೆ ಅವು ಬೇಜಾರು ಮಾಡಿಕೊಳ್ಳಲಿಲ್ಲ. ಒಂದರ ಕಿವಿಯನ್ನು ಇನ್ನೊಂದು ನೆಕ್ಕುತ್ತ ಕುಳಿತವು. ಜವರ ಅದನ್ನು ನೋಡಲಾರದೆ ಬೇಗ ಬೇಗ ಮುಂದೆ ನಡೆದ.

ಎರಡನೆಯದರಲ್ಲಿ ಒಂದು ಹೆಬ್ಬಾವಿತ್ತು. ಅದರ ತಲೆ ಅಖಾಡದ ಒಳಗೆ, ಬಾಲ ದಡದ ಮೇಲೆ. ಮಧ್ಯಾಹ್ನದವರೆಗೆ ಅದು ಜವರನನ್ನು ಹಿಂಡಿತು. ಜವರ ಮತ್ತೆ "ಕೈ ಕೊಡೋ!" ಎಂದು ಕೂಗಿದ. ಈ ಸಲ ಹುಲ್ಲೂ ಇರಲಿಲ್ಲ. ಆದರೆ ಸಂಜೆಯಾಗುವ ಹೊತ್ತಿಗೆ ಹಾವೂ ದಣಿಯಿತು. ಅದಕ್ಕೆ ಬದಲಿ ಬೇಕಾಗಿತ್ತು, ಬದಲಿ ಕರೆಯಲು ಕೈಯೇ ಇರಲಿಲ್ಲ. ಅದು ಸುಸ್ತಾಗಿ ಮಗುಚಿಕೊಂಡಿತು.

"ಕೈಯಿಲ್ಲದ ನಿನಗೆ ಜೋಡಿ ಕುಸ್ತಿ ಯಾಕೆ ಬೇಕಿತ್ತು ಮಾರಾಯ?" ಎಂದು ಜವರ ಕೇಳಿದ.

"ನನಗೂ ಗೊತ್ತು ಕಣಪ್ಪ. ನೂರು ವರ್ಷದಿಂದ ಒಬ್ಬನೇ ಇದ್ದೀನಿ. ಯಾರಾದ್ರೂ ಹತ್ರ ನಿಂತಿರ್ಲಿ ಅನ್ನಿಸ್ತು, ಬಾಲವನ್ನೇ ನಿಲ್ಲಿಸ್ಕೊಂಡೆ" ಎಂದಿತು ಹೆಬ್ಬಾವು.

ಜವರನಿಗೆ ನಗು ಬರಲಿಲ್ಲ. ಉಳಿದ ಅವಲಕ್ಕಿಯಲ್ಲಿ ಅರ್ಧ ಅದಕ್ಕೆ ಕೊಟ್ಟ. ಹೆಬ್ಬಾವು ಅವಲಕ್ಕಿ ತಿನ್ನುವುದಿಲ್ಲ, ಆದರೂ ಬೇಡ ಎನ್ನಲಿಲ್ಲ.

ಮೂರನೆಯ ಅಖಾಡ ಖಾಲಿ ಇತ್ತು. ಅದರ ದಡದ ಮೇಲೆ ಹೊಂಬಾಳ ನಿಂತಿದ್ದ! ಅದೇ ಗಿಡ್ಡ ಮೈ, ಅದೇ ನಗು. "ಬಾ ಜವರ, ನಿನ್ನ ತಪ್ಪೇನೂ ಇಲ್ಲ. ಅಂದು ಜನ ಕೂಗಿದ್ದು ನಿನ್ನ ಹೆಸರನ್ನೇ. ಇಲ್ಲೇ ಇರು, ಇನ್ನು ಯಾವತ್ತೂ ಒಂಟಿಯಾಗಬೇಡ" ಎಂದು ಕೈ ಚಾಚಿದ.

ಜವರನ ಕಾಲು ತಾನಾಗಿಯೇ ಮುಂದೆ ಹೋಯಿತು. ತಿಂಗಳುಗಟ್ಟಲೆ ಅವನಿಗೆ ಯಾರೂ ಬಾ ಎಂದಿರಲಿಲ್ಲ. ಆದರೆ ಹೊಂಬಾಳ ಅವನನ್ನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಜವರ ಎಂದು ಕರೆದಿರಲಿಲ್ಲ. ಜನ ಕೂಗಿದ್ದೂ ಅವನ ಹೆಸರನ್ನಲ್ಲ. ಇದು ಮಾಯೆ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಒಂದಿಷ್ಟು ಹೊತ್ತು ಅದರ ಮುಖ ನೋಡುತ್ತ ನಿಂತ. ಆಮೇಲೆ ಅಳುತ್ತಲೇ ಅದನ್ನು ದಾಟಿ ನಡೆದ. ಮೂರರಲ್ಲಿ ಇದೇ ಕಷ್ಟದ ಕುಸ್ತಿಯಾಗಿತ್ತು.

ದಾರಿ ಮುಗಿದಲ್ಲಿ ಒಂಟಿಗಂಬ. ಅದರ ಬುಡದಲ್ಲಿ ಸುತ್ತಿಟ್ಟ ನೆರಳುಗಳ ರಾಶಿ, ಪಕ್ಕದಲ್ಲಿ ಒಂದು ಅಖಾಡ. ಅದರ ನಡುವೆ ಮಣ್ಣಿನ ಹೊಂಬಾಳ ಇದ್ದ. ಅವನ ಬಲಗೈ ಇನ್ನೂ ದಡದ ಕಡೆಗೆ ಚಾಚಿಕೊಂಡೇ ಇತ್ತು.

"ಬಾ ಮಾಯಾವಿ, ಕುಸ್ತಿಗೆ ಇಳಿ" ಎಂದ ಜವರ.

"ಜೋಡಿಯಿಲ್ಲದವನ ಜೊತೆ ನಾನು ಆಡುವುದಿಲ್ಲ. ನನ್ನ ಶಾಪ ನೆನಪಿದೆಯಲ್ಲ? ಇವನನ್ನು ಇಲ್ಲೇ ಬಿಟ್ಟು, ತಿರುಗಿ ನೋಡದೆ ಹೋಗು. ಮತ್ತೊಮ್ಮೆ ಕೈಕೊಡು. ಇವನು ಮನುಷ್ಯನಾಗುತ್ತಾನೆ, ನನ್ನ ಜೋಡಿಯಾಗಿ ಇರುತ್ತಾನೆ. ನನಗೂ ನೆರಳಿನ ಜೊತೆ ಮಾತಾಡಿ ಮಾತಾಡಿ ಸಾಕಾಗಿದೆ" ಎಂದ ಮಾಯಾವಿ.

ಜವರ ಅಖಾಡದ ದಡದಲ್ಲಿ ಮೂರು ದಿನ ಕೂತ. ಹೋದರೆ ಹೊಂಬಾಳ ಬದುಕುತ್ತಾನೆ, ಆದರೆ ಎರಡು ಸಲ ಬಿಟ್ಟುಹೋದವನೆಂದು ತನ್ನನ್ನು ನೆನೆಯುತ್ತಾನೆ. ಹೋಗದಿದ್ದರೆ ಅವನು ಮಣ್ಣಾಗಿಯೇ ಉಳಿಯುತ್ತಾನೆ. ಮೂರನೆಯ ದಿನ, ಹೊತ್ತು ನೆತ್ತಿಗೆ ಬರುವ ಸಮಯದಲ್ಲಿ, ಹೋಗುವುದೇ ಸರಿ ಎಂದು ಎದ್ದ. ಕಡೆಯದಾಗಿ ಒಮ್ಮೆ ಹೊಂಬಾಳನನ್ನು ನೋಡಿದ. ಚಾಚಿದ ಆ ಕೈ ಕಂಡಿತು. ಅಂದು ಇವನು ಬಾಯಿಬಿಟ್ಟು ಕೇಳಿದ್ದ. ಕೇಳಿದ್ದು ಇನ್ನೂ ಹಾಗೆಯೇ ಇದೆ, ಕೊಡದೆ ಉಳಿದವನು ನಾನೇ ಎನ್ನುವುದು ಜವರನಿಗೆ ಆಗ ಹೊಳೆಯಿತು.

ಅವನು ದಡದ ಗೆರೆಯ ಮೇಲೆ ನಿಂತ. ಉದ್ದ ತೋಳು ಚಾಚಿ, ಮಣ್ಣಿನ ಅಂಗೈಗೆ ತನ್ನ ಅಂಗೈ ತಾಗಿಸಿದ.

"ಅದಲ್ಲವೋ ನಾನು ಹೇಳಿದ್ದು!" ಎಂದು ಮಾಯಾವಿ ಕಿರುಚಿದ.

"ನಮ್ಮ ಗರಡೀಲಿ ಕೈ ಕೊಡೋದು ಅಂದ್ರೆ ಇದೇ ಕಣಯ್ಯ" ಎಂದ ಜವರ.

ಹೊಂಬಾಳನ ಮೈಯಿಂದ ಮಣ್ಣು ಉದುರಿತು. ಅವನು ಉಸಿರೆಳೆದುಕೊಂಡು ದಡಕ್ಕೆ ಬಂದ. ನಿಯಮದಂತೆ ಜವರ ಒಳಗೆ ಹೋದ. ಹೊಂಬಾಳನ ಜಾಗದ ಜೊತೆ ಅವನ ಶಾಪವೂ ಜವರನದಾಯಿತು, ಪಾದದಿಂದ ಮಣ್ಣು ಏರತೊಡಗಿತು. ಮಂಡಿಯವರೆಗೆ ಬಂತು, ಸೊಂಟದವರೆಗೆ ಬಂತು.

"ಲೋ ಉದ್ದ! ಕೇಳೋ! ಕೇಳದೆ ನಾನು ಕೊಡೋ ಹಾಗಿಲ್ಲ!" ಎಂದು ಹೊಂಬಾಳ ದಡದಲ್ಲಿ ಕುಣಿದ.

ಜವರ ಬಾಯಿ ಬಿಡಲಿಲ್ಲ. ಕೊಡದವನಿಗೆ ಕೇಳುವ ಮುಖವೆಲ್ಲಿದೆ? ಮಣ್ಣು ಎದೆಗೆ ಬಂತು. ಇದೇ ಸರಿ, ಒಬ್ಬ ಹೊರಗಿದ್ದರೆ ಸಾಕು ಎಂದುಕೊಂಡ.

"ಲೋ, ನಂಗೆ ಒಬ್ಬನೇ ಮನೆಗೆ ಹೋಗೋಕ್ ಬರಲ್ಲ ಕಣೋ! ಕೇಳೋ!" ಎಂದು ಹೊಂಬಾಳ ಅತ್ತೇಬಿಟ್ಟ. ಅವನು ಅತ್ತದ್ದನ್ನು ಜವರ ನೋಡಿದ್ದು ಅದೇ ಮೊದಲು.

ಮಣ್ಣು ಗಂಟಲಿಗೆ ಬರುವಷ್ಟರಲ್ಲಿ ಜವರ ಉದ್ದ ತೋಳು ಚಾಚಿ, "ಕೈ ಕೊಡೋ" ಎಂದ. ತುಂಬ ಸಣ್ಣ ದನಿಯಲ್ಲಿ. ಅರ್ಧ ಉಸಿರೂ ತಡವಾಗಲಿಲ್ಲ. ಹೊಂಬಾಳ ಅಂಗೈ ತಾಗಿಸಿ ಒಳಗೆ ಬಂದ, ಜವರ ದಡಕ್ಕೆ ಬಂದ. ಕೇಳಿದ ಕೈ ತಡವಿಲ್ಲದೆ ಸಿಕ್ಕಿದ್ದರಿಂದ ಶಾಪ ಮುರಿದಿತ್ತು, ಮಣ್ಣು ಮತ್ತೆ ಏರಲಿಲ್ಲ. "ಈಗ ನಾವು ಜೋಡಿ. ಇಳಿಯಯ್ಯ" ಎಂದು ಹೊಂಬಾಳ ತೊಡೆ ತಟ್ಟಿದ.

ಜೋಡಿ ಕರೆದರೆ ಮಾಯಾವಿ ಒಲ್ಲೆ ಎನ್ನುವಂತಿರಲಿಲ್ಲ. ಇಳಿದ. ಹೊಂಬಾಳ ಹಾಕಿದ ಪಟ್ಟಿಗೆ ತತ್ತರಿಸಿ, "ಕೈ ಕೊಡು!" ಎಂದು ತನ್ನ ನೆರಳನ್ನು ಕೂಗಿದ. ಆದರೆ ನಡುಮಧ್ಯಾಹ್ನ. ಸೂರ್ಯ ನೆತ್ತಿಯ ಮೇಲಿದ್ದ, ನೆರಳು ಅವನ ಕಾಲಡಿಯಲ್ಲೇ ಮುದುಡಿ ಕೂತಿತ್ತು. ದಡದಲ್ಲಿ ಅವನವರು ಯಾರೂ ಇರಲಿಲ್ಲ. ಅವನು ಚಾಚಿದ ಕೈಯನ್ನು ಜವರ ನೋಡಿದ, ಖಾಲಿ ದಡ ಹೇಗಿರುತ್ತದೆಂದು ಜವರನಿಗೆ ಗೊತ್ತಿತ್ತು. ಮಾಯಾವಿಯ ಬೆನ್ನು ಮಣ್ಣಿಗೆ ತಾಗಿತು. ಅವನ ಮಾಯೆಯೆಲ್ಲ ಬಿಟ್ಟುಹೋಗಿ, ಬೋಳುತಲೆಯ ಒಬ್ಬ ಸಾಧಾರಣ ಮುದುಕ ಉಳಿದ. ಸುತ್ತಿಟ್ಟ ನೆರಳುಗಳು ಬಿಚ್ಚಿಕೊಂಡು ಕೆಂದೂಳಿಯ ಕಡೆಗೆ ಓಡಿದವು.

ಮಾತು ಕೊಟ್ಟಿದ್ದಂತೆ ಆಳಾದ ಮುದುಕನನ್ನು ಕರೆದುಕೊಂಡು ಇಬ್ಬರೂ ಊರಿಗೆ ಹೊರಟರು. ದಾರಿಯಲ್ಲಿ ಹೆಬ್ಬಾವೂ ಸೇರಿಕೊಂಡಿತು. ತುಂಬ ದೂರ ನಡೆದ ಮೇಲೆ ಜವರ ನಿಂತ.

"ಅವತ್ತು ನಂಗೆ ಕೈ ಎಟುಕ್ತಿತ್ತು. ಬೇಕಂತಲೇ ಒಂದು ಉಸಿರು ತಡ ಮಾಡ್ದೆ" ಎಂದ.

"ಗೊತ್ತಿತ್ತು ಕಣೋ" ಎಂದ ಹೊಂಬಾಳ.

"ಗೊತ್ತಿದ್ದೂ ಅಷ್ಟು ದಿನ ನನ್ ಕಡೆಗೆ ಕೈ ಚಾಚ್ಕೊಂಡೇ ಇದ್ಯಲ್ಲೋ?"

"ಇನ್ಯಾರ ಕಡೆಗೆ ಚಾಚ್ಲಿ?" ಎಂದ ಹೊಂಬಾಳ, ಅವಲಕ್ಕಿಯ ಗಂಟು ಬಿಚ್ಚುತ್ತ. "ಮೊದ್ಲು ನೀನ್ ತಿನ್ನು."

ಆಮೇಲೆ ಕೆಂದೂಳಿಯಲ್ಲಿ ಎಲ್ಲರೂ ನೆಮ್ಮದಿಯಾಗಿದ್ದರು. ಮುದುಕ ಗರಡಿಯ ಮಣ್ಣು ಹದ ಮಾಡುವ ಕೆಲಸ ಕಲಿತ. ಹೆಬ್ಬಾವು ದಡದ ಮೇಲೆ ಸುರುಳಿ ಸುತ್ತಿಕೊಂಡು, ಜೋಡಿಯಿಲ್ಲದೆ ಬಂದವರ ಪಕ್ಕದಲ್ಲಿ ಇರುತ್ತಿತ್ತು. ಜನ ಈಗಲೂ "ಹೊಂಬಾಳ! ಹೊಂಬಾಳ!" ಎಂದೇ ಕೂಗುತ್ತಿದ್ದರು, ಜನ ಎಲ್ಲಿ ಬದಲಾಗುತ್ತಾರೆ? ಜವರ ಗೆರೆಯ ಮೇಲೆ ನಿಂತು, ಕೇಳುವ ಮೊದಲೇ ತೋಳು ಅರ್ಧ ಮೇಲೆತ್ತಿ, ಆ ಒಂದು ಕೂಗಿಗೆ ಮಾತ್ರ ಕಿವಿಗೊಟ್ಟು ಕಾಯುತ್ತಿದ್ದ.